ಎಡಗೈ ಪಿಚರ್ ಬೇಡವೆಂದ ಚಳಿಗಾಲ

ನಾವು ಶಿಕಾಗೋ ಹತ್ತಿರದ ವುಡ್‌ರಿಡ್ಜ್‌ಗೆ ಬಂದ ಮೊದಲ ಬೇಸಿಗೆಯಲ್ಲಿ ನನಗೆ ಮಾಡಲು ಏನೂ ಇರಲಿಲ್ಲ. ಗಂಡನ ವೀಸಾದ ಮೇಲೆ ಬಂದವಳು ನಾನು, ಕೆಲಸಕ್ಕೆ ಸೇರುವಂತಿರಲಿಲ್ಲ. ಅವರು ಬೆಳಗ್ಗೆ ಕಾರು ತೆಗೆದುಕೊಂಡು ಹೋದ ಮೇಲೆ ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ. ಹಿತ್ತಲ ಬೇಲಿಯಾಚೆಯ ಮನೆಯ ಮರದ ಜಗಲಿಯಿಂದ, ಡೆಕ್ಕಿನಿಂದ, ಮಾತ್ರ ಮಧ್ಯಾಹ್ನವಿಡೀ ರೇಡಿಯೋ ಕೇಳಿಸುತ್ತಿತ್ತು. ಒಂದು ದಿನ ಆ ರೇಡಿಯೋದಲ್ಲಿ ಆಟ ವಿವರಿಸುತ್ತಿದ್ದವನು ಹುಚ್ಚು ಹಿಡಿದಂತೆ ಕೂಗಿದ. ನಾನು ಬೇಲಿಯ ಹತ್ತಿರ ಹೋಗಿ, ಏನಾಯಿತೆಂದು ಇಂಗ್ಲಿಷಿನಲ್ಲಿ ಕೇಳಿದೆ. ಅಲ್ಲಿ ಕೂತಿದ್ದ ಹಿರಿಯರು ನನ್ನ ಹಣೆಯ ಕುಂಕುಮ ನೋಡಿ, "ಕನ್ನಡದವ್ರೇನು?" ಅಂದರು.

ಅವರು ಧಾರವಾಡದ ಕಡೆಯವರು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಒಬ್ಬಳೇ ಮಗಳು ಡೆಟ್ರಾಯಿಟ್ ಹತ್ತಿರದ ಆಬರ್ನ್ ಹಿಲ್ಸ್‌ನಲ್ಲಿ ಕಾರು ಕಂಪನಿಯ ಎಂಜಿನಿಯರ್; ಅವಳಿಗೊಂದು ಪುಟ್ಟ ಮಗಳು. ನಾನು ಅವರನ್ನು ಅಂಕಲ್ ಅನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಅನ್ನುತ್ತಿದ್ದರು. ಬೇಸ್‌ಬಾಲ್ ಕಲಿಸಿದ್ದು ಅವರೇ. ಪಿಚರ್ ಅಂದರೆ ನಮ್ಮ ಬೌಲರ್ ಇದ್ದ ಹಾಗೆ, ಆದರೆ ಇಡೀ ಆಟ ಅವನ ಮೊಣಕೈ ಮೇಲೆಯೇ ನಿಂತಿರುತ್ತದೆ ಎಂದು ಹೇಳಿ, ಪುಸ್ತಕದಲ್ಲಿ ಸ್ಕೋರ್ ಬರೆಯುವುದನ್ನು ಗೆರೆ ಎಳೆದು ತೋರಿಸಿದರು. ಶಿಕಾಗೋದ ಎರಡು ತಂಡಗಳಲ್ಲಿ ಅವರ ರೇಡಿಯೋದಲ್ಲಿ ಬರುತ್ತಿದ್ದ ತಂಡವೇ ನನ್ನದೂ ಆಯಿತು. ಎರಡನೆಯ ಬೇಸಿಗೆಯ ಹೊತ್ತಿಗೆ ನಾನು "ನಮ್ಮವರು ಸೋತರು" ಎಂದು ಹೇಳಿ ಅಡುಗೆ ಮಾಡದೆ ಕೂತಿದ್ದುಂಟು. ಈ ದೇಶದಲ್ಲಿ ನಾನು 'ನಮ್ಮ' ಎಂದ ಮೊದಲ ವಸ್ತು ಅದು.

ಆಟವಿಲ್ಲದ ಚಳಿಗಾಲದಲ್ಲೂ ನಮಗೆ ಬಿಡುವಿರಲಿಲ್ಲ. ಒಪ್ಪಂದ ಮುಗಿದ ಆಟಗಾರರು ಆಗ ಯಾವ ತಂಡಕ್ಕೆ ಬೇಕಾದರೂ ಸೇರಬಹುದು. ಅವರನ್ನು ಫ್ರೀ ಏಜೆಂಟ್ ಅನ್ನುತ್ತಾರೆ. ಯಾರನ್ನು ನಮ್ಮ ತಂಡ ತೆಗೆದುಕೊಳ್ಳಬೇಕು ಎನ್ನುವುದು ನವೆಂಬರಿನಿಂದ ಫೆಬ್ರವರಿಯವರೆಗಿನ ಜಗಳ. ಹೊರಗೆ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗಿನ ಚಳಿಯಿದ್ದಾಗ ನಾವು ಹತ್ತಿರದ ಮಾಲ್‌ನೊಳಗೆ ಬೆಳಗಿನ ವಾಕಿಂಗ್ ಮಾಡುತ್ತಿದ್ದೆವು. ಅಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಜೊತೆಯಾಗುತ್ತಿದ್ದರು. ಹುಟ್ಟಿದಾಗಿನಿಂದ ಅದೇ ತಂಡದ ಅಭಿಮಾನಿ. ತಂಡದ ಮಾಲೀಕರು ಯಾರನ್ನೂ ತೆಗೆದುಕೊಳ್ಳುವುದಿಲ್ಲ, ಸುಮ್ಮನೆ ಆಸೆ ತೋರಿಸುತ್ತಾರೆ ಎನ್ನುವುದು ಅವರ ಸ್ಥಿರವಾದ ಅಭಿಪ್ರಾಯ.

ನಾನು ಹೇಳುತ್ತಿರುವುದು ಎರಡು ವರ್ಷದ ಹಿಂದಿನ ಚಳಿಗಾಲದ ಮಾತು. ಆ ಸಲ ಇಬ್ಬರ ಮೇಲೆ ಕಣ್ಣು. ಒಬ್ಬ ಮೂವತ್ಮೂರರ ಎಡಗೈ ಪಿಚರ್, ವೇಗ ಕಡಿಮೆ, ಆದರೆ ಬ್ಯಾಟ್ ಹಿಡಿದವನನ್ನು ಕಾಯಿಸಿ ಕಾಯಿಸಿ ಕೆಡಿಸುವವನು. ಇನ್ನೊಬ್ಬ ಇಪ್ಪತ್ತಾರರ ಬಲಗೈಯವನು, ಬೆಂಕಿಯಂಥ ವೇಗ, ಮೊಣಕೈಗೆ ಒಮ್ಮೆ ಆಪರೇಷನ್ ಆಗಿತ್ತು. ನನಗೆ ಎಡಗೈಯವನು ಬೇಕಿತ್ತು. ಅವನು ಚೆಂಡು ಎಸೆಯುವ ಮೊದಲು ಏನೋ ನೆನಪಿಸಿಕೊಳ್ಳುವವನಂತೆ ನಿಲ್ಲುತ್ತಿದ್ದ. ಅದು ನನಗೆ ಇಷ್ಟ.

ಅಂಕಲ್ ಬೇಡವೇ ಬೇಡ ಅಂದರು. ವಯಸ್ಸಾಯಿತು, ಜುಲೈ ಬಂದರೆ ಭುಜ ಸೋಲುತ್ತದೆ, ನಮ್ಮ ಮೈದಾನದ ಗಾಳಿಗೆ ಅವನ ನಿಧಾನದ ಚೆಂಡನ್ನು ಹೊಡೆದರೆ ಹೊರಗೆ ಹಾರಿಹೋಗುತ್ತದೆ ಎಂದರು. ಮನೆಯಿಂದ ಕಾಗದದ ಮೇಲೆ ಲೆಕ್ಕ ಬರೆದು ತಂದು ಮಾಲಿನ ಬೆಂಚಿನ ಮೇಲೆ ಹರಡಿ ತೋರಿಸಿದರು. ನಾನು ವಾರಗಟ್ಟಲೆ ಬಗ್ಗಲಿಲ್ಲ. ಸಿಟ್ಟಾಗಿ ಒಂದು ದಿನ ಬೇರೆ ದಿಕ್ಕಿನಲ್ಲಿ ನಡೆದೆ; ಎದುರು ಸಿಕ್ಕಾಗಲೆಲ್ಲ ಅವರು ಬಲಗೈ ಎತ್ತಿ ತೋರಿಸಿ ನಕ್ಕರು. ಕೊನೆಗೆ ಡಿಸೆಂಬರಿನಲ್ಲಿ ಸೋತೆ. ಮೂವತ್ತು ವರ್ಷ ಆಟ ನೋಡಿದವರು, ನನಗೆ ಆಟದ ಅಕ್ಷರ ಕಲಿಸಿದವರು, ಅವರಿಗೇ ಹೆಚ್ಚು ಗೊತ್ತಿರಬೇಕು ಅನ್ನಿಸಿತು.

ಒಪ್ಪಿ ಸುಮ್ಮನಿರಲಿಲ್ಲ ನಾನು. ಮಧ್ಯಾಹ್ನ ಬರುವ ಕ್ರೀಡಾ ರೇಡಿಯೋ ಕಾರ್ಯಕ್ರಮಕ್ಕೆ ಫೋನ್ ಮಾಡಿದೆ. ಲೈಬ್ರರಿಯ ಪಾರ್ಕಿಂಗಿನಲ್ಲಿ, ಆ ವರ್ಷ ನನಗೆಂದು ಕೊಂಡ ಹಳೆಯ ಕಾರಿನ ಕಿಟಕಿ ಏರಿಸಿ, ಇಪ್ಪತ್ತು ನಿಮಿಷ ಕಾದು, ನನ್ನ ಮೈಸೂರು ಇಂಗ್ಲಿಷಿನಲ್ಲಿ ಎಡಗೈಯವನು ಯಾಕೆ ಬೇಡ ಎಂದು ಹೇಳಿದೆ. ಭುಜ, ಜುಲೈ, ಗಾಳಿ, ಎಲ್ಲವೂ ಅಂಕಲ್ ಹೇಳಿಕೊಟ್ಟದ್ದು. ಇವತ್ತು ಕೇಳಿದ ವಾದಗಳಲ್ಲಿ ಇದೇ ಗಟ್ಟಿ ಎಂದ ರೇಡಿಯೋದವನು. ಅಂಕಲ್ ಕೂಡಲೇ ಫೋನ್ ಮಾಡಿ ಹೊಗಳಿದರು. ಅವರ ದನಿ ಸ್ವಲ್ಪ ಮಂಕಾಗಿತ್ತು. ನೆಗಡಿಯಿರಬೇಕು ಎಂದುಕೊಂಡೆ.

ಜನವರಿಯ ಒಂದು ಶನಿವಾರ ಎಡಗೈಯವನನ್ನು ಡೆಟ್ರಾಯಿಟ್ ತಂಡ ತೆಗೆದುಕೊಂಡಿತು ಎಂಬ ಸುದ್ದಿ ಬಂತು. ಬೇಡವೆಂದವನೇ ಹೋದರೂ ನನಗೆ ಸಂಕಟವಾಯಿತು. ಡಬ್ಬಿಗೆ ಒಗ್ಗರಣೆ ಅವಲಕ್ಕಿ ಹಾಕಿಕೊಂಡು ಅಂಕಲ್ ಮನೆಗೆ ಹೋದೆ. ಬಾಗಿಲು ತೆಗೆದವಳು ಅವರ ಮಗಳು. ಹಜಾರದಲ್ಲಿ ಗೋಡೆಯುದ್ದಕ್ಕೂ ಟೇಪು ಸುತ್ತಿದ ರಟ್ಟಿನ ಪೆಟ್ಟಿಗೆಗಳು. ಅವಳು ಇಲ್ಲೇ ಹುಟ್ಟಿದವಳು, ಇಂಗ್ಲಿಷಿನಲ್ಲೇ ಮಾತು. ಒಳ್ಳೆಯ ದಿನ ಬಂದಿರಿ, ಅಪ್ಪ ಬೆಳಗ್ಗೆಯಿಂದ ಕುಣಿಯುತ್ತಿದ್ದಾರೆ, ಆ ಪಿಚರ್ ಡೆಟ್ರಾಯಿಟ್‌ಗೇ ಬರಲಿ ಎಂದು ನವೆಂಬರಿನಿಂದ ಜಪ ಮಾಡುತ್ತಿದ್ದರು ಎಂದಳು. ನನಗೆ ಎಲ್ಲ ತಿಳಿದಿದೆ ಎಂದೇ ಅವಳು ಭಾವಿಸಿದ್ದಳು. ಮನೆ ಅಕ್ಟೋಬರಿನಲ್ಲೇ ಮಾರಾಟವಾಗಿತ್ತು. ಮುಂದಿನ ವಾರ ಅಂಕಲ್ ಅವಳ ಜೊತೆ ಆಬರ್ನ್ ಹಿಲ್ಸ್‌ಗೆ ಹೋಗುವವರಿದ್ದರು.

ಅಂಕಲ್ ಒಳಗಿನಿಂದ ಬಂದರು. ತಲೆಯ ಮೇಲೆ ಡೆಟ್ರಾಯಿಟ್ ತಂಡದ ಟೋಪಿ, ಅಂಚು ಸವೆದು ಬೆಳ್ಳಗಾದದ್ದು, ಹೊಸತಲ್ಲ. ನನ್ನನ್ನು ನೋಡಿ ಅದನ್ನು ತೆಗೆದು ಕೈಯಲ್ಲಿ ಹಿಡಿದರು. ಮಗಳು ಏನೋ ತಪ್ಪಾಯಿತೆಂದು ಅರಿತು ಮಹಡಿಗೆ ಹೋದಳು.

"ಯಾಕಂಕಲ್ ಹೀಗ್ ಮಾಡಿದ್ರಿ?" ಅಂದೆ.

ಅವರು ಕುರ್ಚಿಯ ಮೇಲಿದ್ದ ಪೆಟ್ಟಿಗೆ ಇಳಿಸಿ ನನಗೆ ಜಾಗ ಮಾಡಿದರು. ನಾನು ಕೂರಲಿಲ್ಲ. ನಿಧಾನವಾಗಿ ಹೇಳಿದರು: ಈ ದೇಶದಲ್ಲಿ ಮೊದಲ ನೌಕರಿ ಡೆಟ್ರಾಯಿಟ್‌ನಲ್ಲಿ, ಮೊದಲ ಆಟ ನೋಡಿದ್ದೂ ಅಲ್ಲೇ, ಹೆಂಡತಿಯ ಜೊತೆ. ಆ ತಂಡವನ್ನು ಮನಸ್ಸಿನಿಂದ ಬಿಡಲು ಆಗಲೇ ಇಲ್ಲ. ಇಲ್ಲಿ ಡೆಕ್ಕಿನ ಮೇಲೆ ಕೇಳುತ್ತಿದ್ದುದು ಹೊತ್ತು ಹೋಗಲೆಂದು. ಆಮೇಲೆ ನಾನು ಬೇಲಿಯ ಬಳಿ ಬಂದೆ, ನನ್ನ ಜೊತೆಗೆಂದು ಅದೇ ತಂಡ ಹಿಡಿದರಂತೆ.

"ಮತ್ತೆ ಊರು ಬಿಡೋದು? ಅದನ್ನಾದ್ರೂ ಹೇಳ್ಬೋದಿತ್ತಲ್ಲ."

"ಹೇಳಿದ್ರ ನೀ ಜಗಳಾ ಬಿಟ್ಟು, ಕಳಿಸಿಕೊಡೋ ಮಂದೀ ಹಂಗ ಮಾತಾಡತಿದ್ದಿ, ತಂಗಿ. ನನಗದು ಬ್ಯಾಡಾಗಿತ್ತು. ಇನ್ನೊಂದು ಛಳಿಗಾಲ ಖರೇ ಜಗಳಾ ಬೇಕಾಗಿತ್ತು."

"ಖರೇ ಅಲ್ವಲ್ಲ ಅಂಕಲ್. ನಿಮ್ಮ ಕಡೆಯಿಂದ ಅದು ಸುಳ್ಳೇ ಅಲ್ವಾ."

ಅವಲಕ್ಕಿಯ ಡಬ್ಬಿಯನ್ನು ಅಲ್ಲೇ ಇಟ್ಟು ಬಂದೆ. ಅವರು ಹೊರಟ ದಿನ ನಾನು ಮನೆಯಲ್ಲೇ ಇದ್ದೆ. ಗಂಡ ಹೋಗಿ ಪೆಟ್ಟಿಗೆ ಎತ್ತಲು ಸಹಾಯ ಮಾಡಿ ಬಂದರು. ವಯಸ್ಸಾದವರು, ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂದರು. ಆದರೆ ನನ್ನನ್ನು ಸುಡುತ್ತಿದ್ದುದು ಊರು ಬಿಟ್ಟದ್ದಲ್ಲ. ನನಗೆ ಸರಿಯೆನಿಸಿದ್ದನ್ನು ಬಿಡಿಸಿ, ಅವರೇ ನಂಬದಿದ್ದ ಮಾತನ್ನು ನನ್ನ ಬಾಯಿಂದ ಇಡೀ ಊರಿಗೆ ಆಡಿಸಿದ್ದು. ಪಿಚರ್‌ನನ್ನು ಆರಿಸುವವರು ನಾವಲ್ಲ ಎಂದು ನನಗೂ ಗೊತ್ತು. ಅದರಿಂದ ಉರಿ ಕಡಿಮೆಯಾಗಲಿಲ್ಲ.

ಪೋಸ್ಟ್‌ಮ್ಯಾನ್ ಹೇಳಿದ್ದೇ ನಿಜವಾಯಿತು. ನಮ್ಮ ತಂಡ ಇಬ್ಬರನ್ನೂ ತೆಗೆದುಕೊಳ್ಳಲಿಲ್ಲ. ಅವರು ಮಾತ್ರ ಗೆದ್ದೆನೆಂದು ಬೀಗದೆ, ಮಾಲಿನ ಎರಡು ಸುತ್ತು ನನ್ನ ಜೊತೆ ಸುಮ್ಮನೆ ನಡೆದರು.

ಜೂನ್‌ನಲ್ಲಿ ನಮ್ಮ ತಂಡ ಡೆಟ್ರಾಯಿಟ್‌ಗೆ ಆಡಲು ಹೋದಾಗ ಅಂಕಲ್ ಟಿಕೆಟ್ ತೆಗೆಸಿ ಕಳಿಸಿದರು. ಹೋಗುವುದಿಲ್ಲ ಎಂದಿದ್ದೆ, ಶನಿವಾರ ಬೆಳಗ್ಗೆ ಎದ್ದು ಹೊರಟೆ. ಐದು ತಾಸು ನಾನೇ ಡ್ರೈವ್ ಮಾಡಿದೆ, ಗಂಡ ಪಕ್ಕದಲ್ಲಿ ನಿದ್ದೆ ಹೋದರು. ಅಂದು ಎಸೆದವನು ಅದೇ ಎಡಗೈಯವನು. ಒಂಬತ್ತು ಇನ್ನಿಂಗ್ಸಿನ ಆಟದಲ್ಲಿ ಏಳು ಇನ್ನಿಂಗ್ಸ್ ನಮ್ಮವರಿಗೆ ಒಂದು ರನ್ನೂ ಕೊಡಲಿಲ್ಲ. ಪ್ರತಿ ಎಸೆತಕ್ಕೂ ಮೊದಲು ಹಾಗೇ ನಿಲ್ಲುತ್ತಿದ್ದ. ಅಂಕಲ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರು ಇಷ್ಟು ಸಂತೋಷವಾಗಿದ್ದುದನ್ನು ನಾನು ಡೆಕ್ಕಿನ ಮೇಲೆ ಎಂದೂ ನೋಡಿರಲಿಲ್ಲ. ಅದನ್ನು ನೋಡಿದಾಗಲೇ ಹೆಚ್ಚು ನೋವಾದದ್ದು. ಹೊರಡುವಾಗ ಅವರು, "ನೀ ಹೇಳಿದ್ದ ಬರೋಬ್ಬರಿ ಇತ್ತು, ತಂಗಿ," ಅಂದರು. ನಾನು ತಲೆಯಾಡಿಸಿದೆ. ಮಗಳು ದಾರಿಗೆಂದು ಚಪಾತಿ ಕಟ್ಟಿಕೊಟ್ಟಳು.

ಈಗ ನನಗೂ ಕೆಲಸ ಮಾಡಲು ಅನುಮತಿ ಬಂದಿದೆ. ಹತ್ತಿರದ ವೆಸ್ಟ್‌ಮಂಟ್‌ನಲ್ಲಿ ಒಂದು ಹಲ್ಲಿನ ಡಾಕ್ಟರರ ಆಫೀಸಿನಲ್ಲಿದ್ದೇನೆ. ಅಂಕಲ್ ಯುಗಾದಿಗೂ ದೀಪಾವಳಿಗೂ ಫೋನ್ ಮಾಡುತ್ತಾರೆ. ಆರೋಗ್ಯ, ಹಿಮ, ಮೊಮ್ಮಗಳ ಶಾಲೆ, ಇಷ್ಟು ಮಾತಾಡುತ್ತೇವೆ. ಈ ನವೆಂಬರಿನಲ್ಲಿ ಫೋನ್ ಇಡುವ ಮೊದಲು, "ನಿಮ್ಮವ್ರು ಈ ಸಲ ಯಾರನ್ನ ತಗೋಬೇಕಂತಿ?" ಎಂದು ಕೇಳಿದರು.

ನಿಮ್ಮವರು ಅಂದರು.

ಮುಂದಿದ್ದ ಲ್ಯಾಪ್‌ಟಾಪಿನಲ್ಲಿ ಆರು ಪಿಚರ್‌ಗಳ ಪಟ್ಟಿ ತೆರೆದಿತ್ತು. ಮೂರನೆಯವನ ಬಗ್ಗೆ ಅರ್ಧ ಗಂಟೆ ವಾದ ಮಾಡಬಹುದಿತ್ತು.

"ಈ ಸಲ ನೋಡೇ ಇಲ್ಲ ಅಂಕಲ್," ಅಂದೆ.

ಅವರು ಹೂಂ ಅಂದು, ಮೈ ಕಡೆ ನೋಡಿಕೋ ಎಂದು ಹೇಳಿ ಫೋನ್ ಇಟ್ಟರು.