ಕೊನೆಯ ಪುಟದ ಮೂಲೆಯ ಎರಡು ಸಾಲು

ಉಳುವಾಗ ಸಾಲು ಸೊಟ್ಟಗಾದರೆ ದಾರಿಯಲ್ಲಿ ಹೋಗುವವರೆಲ್ಲ ನಿಂತು ತಿದ್ದುತ್ತಾರೆ. ಅಚ್ಚಾದ ಬರಹ ಸೊಟ್ಟಗಾದರೆ ಹಾಗಲ್ಲ. ಓದಿದವರೆಲ್ಲ ಅದರ ಹಿಂದೆಯೇ ಸೊಟ್ಟಗೆ ನಡೆಯುತ್ತಾರೆ. ನಾನು ಏಳನೇ ತರಗತಿಗೇ ಶಾಲೆ ಬಿಟ್ಟು ನೇಗಿಲು ಹಿಡಿದವನು. ರಾಜ್ಯದ ಗಡಿಯಾಚೆಯ ಕನ್ನಡ ಮಾಸಪತ್ರಿಕೆಯಲ್ಲಿ ನನ್ನ ಹೆಸರು ಬಂದ ದಿನ, ಯಾರಾದರೂ ಕೇಳಲಿ ಎಂದು ತಾಳವಾಡಿಯ ಟೀ ಅಂಗಡಿಯಲ್ಲಿ ಬೇಡದಿದ್ದರೂ ಇನ್ನೊಂದು ಟೀ ಕುಡಿದೆ. ಯಾರೂ ಕೇಳಲಿಲ್ಲ.

ಬರೆದದ್ದು ನಮ್ಮ ಕಡೆಯ ಮೊದಲ ಬಿತ್ತನೆಯ ಬಗ್ಗೆ. ರಾಗಿ ಬಿತ್ತುವ ದಿನ ಮೊದಲ ಹಿಡಿಯನ್ನು ಕೈಗುಣ ಇರುವವರಿಂದಲೇ ಹಾಕಿಸುವುದು ವಾಡಿಕೆ. ನಮ್ಮೂರಲ್ಲಿ ಆ ಕೈ ಕೂಲಿಯ ಮಾದಕ್ಕನದು. ಹೊಲದೊಡತಿ ಬೀಜದ ಕುಕ್ಕೆ ಹಿಡಿದು ನಿಲ್ಲಬೇಕು, ಮಾದಕ್ಕ ಹಿಡಿ ತುಂಬಿ ಎರಚಬೇಕು. ವರ್ಷವಿಡೀ ಬಗ್ಗಿ ದುಡಿಯುವ ಹೆಂಗಸಿಗೆ ನೆಟ್ಟಗೆ ನಿಲ್ಲಲು ಸಿಗುವ ಗಳಿಗೆ ಅದು. ಇಬ್ಬರೂ ಇದ್ದ ಪಟ ಕಳಿಸಿದ್ದೆ. ಜಾಗ ಸಾಲದೆ ಪತ್ರಿಕೆಯವರು ಪಟ ಕತ್ತರಿಸಿದರು. ಉಳಿದದ್ದು ಕುಕ್ಕೆ ಹಿಡಿದ ದೊಡ್ಡಮನೆಯ ಯಜಮಾನಿ, ಕುಕ್ಕೆಯೊಳಗೆ ಮಾದಕ್ಕನ ಮುಂಗೈ. ಕೆಳಗೆ ‘ಕೈಗುಣದ ತಾಯಿ’ ಎಂದು ಬರೆದಿತ್ತು.

ಫೋನಿನಲ್ಲಿ ಜಗಳವಾಡಿದೆ. ಮುಂದಿನ ತಿಂಗಳು ಕೊನೆಯ ಪುಟದ ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ಬಂತು. ಗೆದ್ದವನಂತೆ ಹೋಗಿ ಮಾದಕ್ಕನಿಗೆ ಓದಿ ಹೇಳಿದೆ.

“ಪಟ ಆಕವ್ರಾ?”

“ಇಲ್ಲ ಕಣಕ್ಕ, ಎಸ್ರು ಆಕವ್ರೆ.”

“ಎಸ್ರ ಓದಕ್ಕೆ ಸ್ಕೂಲ್ಗೆ ಓಗಿರ್ಬೇಕು, ಪಟ ನೋಡಕ್ಕೆ ಕಣ್ಣಿದ್ರೆ ಸಾಕು. ಓಗ್ಲಿ ಬುಡಪ್ಪ, ನನ್ ಬಳೆನಾದ್ರೂ ಪೇಪರ್ಗೆ ಬಂದದಲ್ಲ!” ಎಂದು ನಕ್ಕಳು.

ಆ ನಗು ಮಳೆ ಬೀಳುವವರೆಗೆ ಮಾತ್ರ. ದೊಡ್ಡಗಾಜನೂರಿನ ದಾರಿಯ ಹೊಲದವರೆಲ್ಲ ಮೊದಲ ಹಿಡಿಗೆ ಯಜಮಾನಿಯನ್ನೇ ಕರೆದರು. ನಾನು ತಿದ್ದುಪಡಿ ಹಿಡಿದು ಓಡಿದರೆ, “ಸಣ್ಣಕ್ಷರದಲ್ಲಿರೋದ ಯಾರ್ಲಾ ನಂಬ್ತಾರೆ?” ಎಂದರು ಒಬ್ಬರು. ಯಜಮಾನಿಯೂ, “ಕರುದ್ರೆ ಒಲ್ಲೆ ಅನ್ನಕ್ಕಾದದಾ?” ಎಂದರು. ಪಕ್ಕದ ಹೊಲದಲ್ಲಿ ಬಿತ್ತನೆಗೆಂದು ಕಳೆ ಕೀಳುತ್ತಿದ್ದ ಮಾದಕ್ಕ ತಲೆ ಎತ್ತಲಿಲ್ಲ.

ನನ್ನ ಹೊಲಕ್ಕೆ ಅವಳನ್ನೇ ಕರೆದೆ. ಹೆಂಡತಿ ಕುಕ್ಕೆ ಹಿಡಿದಳು. ಮಾದಕ್ಕ ಬೀಜ ಎರಚಿ, ಸೆರಗಿಗೆ ಕೈ ಒರೆಸಿಕೊಂಡು, ಸುತ್ತಲೂ ನೋಡಿದಳು. ನಾವಿಬ್ಬರಲ್ಲದೆ ಯಾರೂ ಇರಲಿಲ್ಲ. ಪೈರು ಬರಲಿ, ಯಾರ ಕೈಯದು ಮೇಲೆಂದು ಊರೇ ನೋಡಿ ತಪ್ಪು ತಿದ್ದಿಕೊಳ್ಳುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಪೈರು ಚೆನ್ನಾಗಿಯೇ ಬಂತು. ಎಲ್ಲರ ಹೊಲದಲ್ಲೂ ಅಷ್ಟೇ ಚೆನ್ನಾಗಿ ಬಂತು. ಭೂಮಿಗೆ ಓದು ಬಾರದು ನೋಡಿ. ನಮ್ಮ ಅಚ್ಚಿನ ತಪ್ಪನ್ನು ತಿದ್ದುವ ಕೂಲಿಗೆ ಅದು ಬರುವುದಿಲ್ಲ.