ನೀರು ಕುಡಿಯದೆ ಹೋದ ಅಕ್ಕ

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಎದೆಯಲ್ಲಿದ್ದ ಕ್ಯಾನ್ಸರ್ ಗಂಟನ್ನು ಕೊಯ್ದು ತೆಗೆದರು. ಚಿಕಿತ್ಸೆ ಮುಗಿಯಿತು ಎಂದು ದೂರದ ಆಸ್ಪತ್ರೆಯವರು ಮನೆಗೆ ಕಳಿಸಿದರು. ಮುಂದೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಮಿರ್ಜಾನದ ಮನೆಯಲ್ಲಿ ಅತ್ತೆ ನನ್ನ ಬಲಗೈಯನ್ನು ದಿಂಬಿನ ಮೇಲೆ ಇಡಿಸಿದವರು ಒಂದು ಲೋಟವನ್ನೂ ಎತ್ತಗೊಡಲಿಲ್ಲ. ಪ್ರೀತಿಯೇ, ಅನುಮಾನವಿಲ್ಲ. ಆ ಪ್ರೀತಿಗೆ ನಾಲ್ಕೇ ತಿಂಗಳಲ್ಲಿ ನನ್ನ ಭುಜ ಬಿಗಿದುಹೋಯಿತು. ತಲೆ ಬಾಚಲೂ ಬೇರೆಯವರ ಕೈ ಬೇಕಾಯಿತು.

ಆಗ ಬಂದವರು ಹಳದೀಪುರದ ಒಬ್ಬ ಹೆಂಗಸು. ನನಗಿಂತ ಮೊದಲೇ ಅದೇ ಕಾಯಿಲೆ ಗೆದ್ದವರು. ಎಲ್ಲರಿಗೂ ಅವರು ಅಕ್ಕ. ಕುಮಟೆಯ ಡಾಕ್ಟರೊಬ್ಬರ ಹತ್ತಿರ ಜಗಳವಾಡಿ, ಸಂತೆಯ ದಿನ ಅವರ ದವಾಖಾನೆಯ ಜಗಲಿಯಲ್ಲಿ ಬೆಂಚು ಹಾಕಿಸಿಕೊಂಡಿದ್ದರು. ಚಿಕಿತ್ಸೆ ಮುಗಿಸಿದವರು ಅಲ್ಲಿ ಕೂತು ತಮ್ಮ ಕಷ್ಟ ಹೇಳಿಕೊಳ್ಳಬಹುದಿತ್ತು. ಬಾರದವರ ಮನೆಗೆ ಅಕ್ಕನೇ ಬಸ್ಸು ಹತ್ತಿ ಹೋಗುತ್ತಿದ್ದರು.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಅತ್ತೆ ಅಕ್ಕನ ಬಾಯಾರಿಕೆ ವಿಚಾರಿಸಿ, "ಆಸರಿಗೆ ಎಂತ ಬೇಕು?" ಎಂದರು.

"ಬೆಲ್ಲ ಎಲ್ಲಿಟ್ಟಿದ್ರಿ?"

"ಮೇಲಿನ ಹಲಗೆ ಮೇಲೆ."

"ಹಂಗಾರೆ ನಿಮ್ಮ ಸೊಸೆ ತೆಗ್ದು ಕೊಡ್ಲಿ. ಅಲ್ಲೀವರೆಗೆ ನಂಗೆ ನೀರೂ ಬೇಡ."

ನನ್ನ ಕೈ ಭುಜದ ಮಟ್ಟಕ್ಕೂ ಏಳಲಿಲ್ಲ. ಅಕ್ಕ ನನ್ನ ಬೆರಳುಗಳನ್ನು ಗೋಡೆಯ ಮೇಲೆ ಮೆಲ್ಲಗೆ ಹತ್ತಿಸಿ, ಮುಟ್ಟಿದಲ್ಲಿ ಇದ್ದಿಲಿನಿಂದ ಗೆರೆ ಎಳೆದು, ಉರಿಬಿಸಿಲಲ್ಲಿ ಹಾಗೇ ಹೊರಟುಹೋದರು.

ಅತ್ತೆಗೆ ಮುಖ ತೋರಿಸಲಾಗದಷ್ಟು ಅವಮಾನ. "ಬಂದವ್ರು ನೀರು ಕುಡೀದೆ ಹೋದ್ರಲ್ಲ!" ಮರುದಿನ ದಿಂಬು ಅಟ್ಟ ಸೇರಿತು. ಬೆಳಿಗ್ಗೆ, ಸಂಜೆ ಅವರೇ ನನ್ನನ್ನು ಗೋಡೆಗೆ ನಿಲ್ಲಿಸತೊಡಗಿದರು. ನಾನು ಮನಸ್ಸಿನಲ್ಲೇ ಅಕ್ಕನಿಗೆ ಹಿಡಿಶಾಪ ಹಾಕುತ್ತಿದ್ದೆ.

ಅಕ್ಕ ಐದು ಸಲ ಬಂದರು, ಐದು ಸಲವೂ ಒಣಬಾಯಲ್ಲೇ ಹೋದರು. ಕೊನೆಗೆ ರೇಗಿ ಕೇಳಿದೆ, "ನಿಮಗೆ ಎಂತಕ್ಕೆ ಇಷ್ಟು ಹಟ?"

ಅಕ್ಕ ತಮ್ಮ ಎಡಗೈ ಎತ್ತಿದರು. ಅದು ಭುಜದ ಹತ್ತಿರ ಬಂದು ನಿಂತುಬಿಟ್ಟಿತು. "ನಂಗೆ ಹೇಳೋರು ಯಾರೂ ಇರ್ಲಿಲ್ಲ," ಎಂದರು. ಇಂಥವರನ್ನು ಬೈದುಕೊಂಡೆನಲ್ಲ ಎಂದು ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಆರನೆಯ ಸಲ ಹಲಗೆಯ ಮೇಲಿನ ಬೆಲ್ಲದ ಡಬ್ಬ ನನ್ನ ಕೈಗೆ ಸಿಕ್ಕಿತು. ಅಕ್ಕ ಬೆಲ್ಲ ಕಚ್ಚಿ ಒಂದಿಡೀ ಚೊಂಬು ನೀರು ಕುಡಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಆತು. ಮುಂದಿನ ವಾರ ಭಟ್ಕಳಕ್ಕೆ ನೀನೂ ಬಾ," ಎಂದರು ಅಕ್ಕ. "ಅಲ್ಲೊಬ್ಳಿಗೆ ಕೈ ಏಳ್ತಿಲ್ಲ."

ಭಟ್ಕಳದ ಮನೆಯಲ್ಲಿ ತಾಯಿ ನಮಗೆ ಶರಬತ್ತು ತಂದರು. ಮಗಳು ಕೈ ಮಡಚಿಕೊಂಡು ಮೂಲೆಯಲ್ಲಿ ಕೂತಿದ್ದಳು. ಬಸ್ಸಿನ ಧೂಳಿಗೆ ನನ್ನ ಗಂಟಲು ಒಣಗಿತ್ತು. ಅಕ್ಕ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ಸಕ್ಕರೆ ಡಬ್ಬ ಕಪಾಟಿನ ಮೇಲಿಡಿ. ನಿಮ್ಮ ಮಗಳು ತೆಗೆದುಕೊಟ್ಟ ದಿನ ಕುಡಿತೇನೆ."