ಮುಳ್ಳು ಎದ್ದಿತು, ಮರದ ಮೇಲೆ ರಂಗಪ್ಪ!

ಕಳೆದ ಭಾನುವಾರ ಕೂತಲ್ಲೇ ಒಂದು ಕೊಲೆ ಮಾಡಿಬಿಡುತ್ತಿದ್ದೆ. ಅದೂ ಕಾಫಿ ಕುಡಿಯುತ್ತಾ!

ಗಾಬರಿ ಬೇಡ, ಎಲ್ಲರೂ ಬದುಕಿದ್ದೇವೆ.

ನನ್ನ ಹ್ಯಾಮ್ ರೇಡಿಯೋ ಹುಚ್ಚು ನಿಮಗೆ ಗೊತ್ತೇ ಇದೆ. (ಹೊಸಬರಿಗೆ: ಸರ್ಕಾರದ ಲೈಸೆನ್ಸ್ ಪಡೆದು, ಮನೆಯಲ್ಲೇ ಜೋಡಿಸಿದ ಟ್ರಾನ್ಸ್‌ಮಿಟರ್‌ನಿಂದ ಊರೂರಿನವರ ಜೊತೆ ಹರಟುವ ಹುಚ್ಚು.) ಅದಕ್ಕೆ ಎತ್ತರದಲ್ಲಿ ಆಂಟೆನಾ ತಂತಿ ಬೇಕು. ತಿಪಟೂರಿನಲ್ಲಿ ಎತ್ತರಕ್ಕೇನು ಬರ? ಹೋದ ತಿಂಗಳು ನಾರಿನ ಹಗ್ಗಕ್ಕೆ ಕಲ್ಲು ಕಟ್ಟಿ ಎಸೆದು, ಹಿತ್ತಿಲಿನ ಎರಡು ತೆಂಗಿನ ಮರಗಳ ತಲೆಗೆ ತಂತಿ ಏರಿಸಿದ್ದೆ.

ಟ್ರಾನ್ಸ್‌ಮಿಟರ್‌ನಿಂದ ಆಂಟೆನಾಗೆ ಹೋಗುವ ಕೇಬಲ್‌ಗೆ ಒಂದು ಮೀಟರ್ ಹಾಕಿದ್ದೇನೆ. ಎರಡು ಮುಳ್ಳು. ಆಂಟೆನಾ ಕಡೆ ಎಷ್ಟು ಪವರ್ ಹೋಯಿತು ಅನ್ನುವುದು ಒಂದು: ಫಾರ್ವರ್ಡ್. ಅದರಲ್ಲಿ ಎಷ್ಟು ತಿರುಗಿ ಬಂತು ಅನ್ನುವುದು ಇನ್ನೊಂದು: ರಿಫ್ಲೆಕ್ಟೆಡ್. ಮಂಡಿಗೆ ಕಳಿಸಿದ ಕೊಬ್ಬರಿಯಲ್ಲಿ ಒಂದಿಷ್ಟು ಮೂಟೆ ವಾಪಸ್ ಬಂದ ಹಾಗೆ. ಎಲ್ಲ ಸರಿಯಿದ್ದರೆ ಈ ಎರಡನೇ ಮುಳ್ಳು ಸೊನ್ನೆಯ ಹತ್ತಿರವೇ ಬಿದ್ದುಕೊಂಡಿರುತ್ತದೆ.

ಭಾನುವಾರ ಹಾಸನದ ಗೆಳೆಯರ ಜೊತೆ ಮಾತಾಡುತ್ತಿದ್ದೆ. ಆ ಮುಳ್ಳು ಇದ್ದಕ್ಕಿದ್ದಂತೆ ಎದ್ದು ಕುಣಿಯಿತು! ಮೈಕಿನ ಬಟನ್ ಬಿಟ್ಟೆ. (ಅದನ್ನು ಒತ್ತಿದ್ದಾಗ ಮಾತ್ರ ತಂತಿಗೆ ಪವರ್ ಹೋಗುವುದು.)

“ನಿಮ್ಮ ದನಿ ಬಿದ್ದೋಯ್ತು. ಪವರ್ ಏರ್ಸಿ ಸಾರ್,” ಎಂದರು ಗೆಳೆಯರು.

ನಾಬ್‌ಗೆ ಕೈ ಹಾಕಿದೆ. ಆದರೆ ಈ ಹಾಳು ಮುಳ್ಳು ಯಾಕೆ ಎದ್ದಿತು? ತಂತಿ ಕಿತ್ತುಹೋಯಿತೇ? ನೋಡಿಬರೋಣ ಅಂತ ಹಿತ್ತಿಲಿಗೆ ಹೋದೆ.

ಮರದ ತುದಿಯಲ್ಲಿ ರಂಗಪ್ಪ, ನಮಗೆ ಕಾಯಿ ಕೆಡವಿಕೊಡುವವನು! ಒಂದು ಕೈಯಲ್ಲಿ ಮರ ತಬ್ಬಿದ್ದಾನೆ, ಇನ್ನೊಂದು ಕೈ ಕೊಡವುತ್ತಿದ್ದಾನೆ. ಪಕ್ಕದಲ್ಲೇ ನನ್ನ ತಂತಿ ತೂಗುತ್ತಿದೆ.

“ಇಳಿಯೋ ರಂಗಪ್ಪ! ಆ ತಂತಿ ಮುಟ್ಬೇಡ!”

ಇಳಿದ. ಬೆರಳ ತುದಿ ಸುಟ್ಟು ಬೆಳ್ಳಗಾಗಿತ್ತು.

“ಗೊನೆಗೆ ಅಡ್ಡ ಇತ್ತು, ಪಕ್ಕಕ್ಕೆ ಸರ್ಸಾಣ ಅಂತ ಹಿಡ್ಕಂಡೆ ಕಣ್ರೀ. ಚೇಳು ಕುಟುಕ್ದಂಗಾಯ್ತು. ಬಟ್ಟೆ ಒಣಗಾಕೋ ತಂತಿ ಅಂದ್ಕಂಡಿದ್ದೆ. ಇಷ್ಟೆತ್ತರದಾಗೆ ಯಾರ್ ಒಣಗಾಕ್ತಾರೆ ಅಂತ್ಲೂ ಅನ್ನುಸ್ತು ಬುಡಿ.”

ಅವನು ನಕ್ಕ. ನನಗೆ ನಗು ಬರಲಿಲ್ಲ. ಅವನು ತಂತಿ ಹಿಡಿದ ಗಳಿಗೆಗೇ ಆ ಮುಳ್ಳು ಎದ್ದದ್ದು. ಪವರ್ ಏರಿಸಿ ಇನ್ನೊಂದು ಸಲ ಬಟನ್ ಒತ್ತಿದ್ದರೆ? ಮರ ತಬ್ಬಿದ ಕೈಯೂ ಸಡಿಲವಾಗಿದ್ದರೆ? ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ.

“ಹತ್ತೋ ಮುಂಚೆ ಒಂದ್ ಮಾತು ಹೇಳ್ಬಾರ್ದಾ?” ಎಂದು ರೇಗಿದೆ. (ಹೆದರಿದಾಗ ನನಗೆ ಮೊದಲು ಬರುವುದು ಸಿಟ್ಟೇ.)

“ಯಾವತ್ತು ಹೇಳಿ ಹತ್ತಿದ್ದೀನಿ ಸ್ವಾಮಿ? ಕಾಯಿ ಕೆಡವಾಗ ಕೂಗ್ತಿದ್ದೆ ತಾನೇ?”

ನಿಜ. ಹಿತ್ತಿಲ ಕಡೆಯಿಂದ ಬಂದು ಸೀದಾ ಮರ ಹತ್ತುವುದು, ಗೊನೆ ಕಡಿಯುವ ಮುಂಚೆ “ದೂರ ನಿಲ್ರಪ್ಪೋ” ಅಂತ ಕೂಗುವುದು ನಮ್ಮ ಸೀಮೆಯ ಪದ್ಧತಿ. ಆ ಕೂಗಿನಿಂದಲೇ ನಮ್ಮೆಲ್ಲರ ತಲೆ ಇನ್ನೂ ನೆಟ್ಟಗಿದೆ.

ಮರದ ಮೇಲಿರುವವನಿಗಾಗಿ ಕೆಳಗಿನಿಂದ ಯಾರಾದರೂ, ಯಾವತ್ತಾದರೂ, ಕೂಗಿದ್ದುಂಟೇ?